ಓರೆಸ್ಟನ ‘ಹೂಂ, ಇಲ್ಲ’ ಓಟು

ಪ್ಲೋವರ್ ಕ್ರೀಕ್ ಊರಲ್ಲಿ ಯಾರಿಗೂ ನೆಟ್ಟಗೆ ‘ಇಲ್ಲ’ ಅನ್ನೋದಕ್ಕೆ ಬಾಯಿ ಬರುವುದಿಲ್ಲ. ಎದುರಿನವರ ಮನಸ್ಸು ನೋಯುತ್ತದಲ್ಲ! ಅದಕ್ಕೇ ಮೊದಲು ಒಂದು ‘ಹೂಂ’ ಇಟ್ಟು ಆಮೇಲೆ ‘ಇಲ್ಲ’ ಅನ್ನುತ್ತಾರೆ. ಇನ್ನೊಂದು ಕಪ್ ಕಾಫಿ ಹಾಕಲಾ ಅಂದರೆ ‘ಹೂಂ, ಇಲ್ಲ’ ಅನ್ನುತ್ತಾರೆ, ಅಂದರೆ ಬೇಡ. ಮನೆಗೆ ಹೊರಟೆಯಾ ಅಂದರೆ ‘ಇಲ್ಲ, ಹೂಂ’ ಅನ್ನುತ್ತಾರೆ, ಅಂದರೆ ಹೊರಟೆ. ಕೊನೆಗೆ ಬಂದದ್ದೇ ಮಾತು, ಮೊದಲು ಬಂದದ್ದು ಬರೀ ಮರ್ಯಾದೆ. ಈ ವ್ಯಾಕರಣ ಊರಿನ ನಾಯಿಗಳಿಗೂ ಗೊತ್ತು. ಗೊತ್ತಿಲ್ಲದೆ ಇದ್ದದ್ದು ದೊಡ್ಡ ಪಟ್ಟಣದ ರೇಡಿಯೋದವರಿಗೆ ಮಾತ್ರ. ನಮ್ಮ ಓರೆಸ್ಟ್ ಡೆಮ್‌ಚುಕ್‌ಗೆ ಆ ಗತಿ ಬಂದದ್ದು ಅದರಿಂದಲೇ.

ಓರೆಸ್ಟ್ ಗೋಧಿ ಗೋದಾಮಿನ ಕೆಲಸದಿಂದ ನಿವೃತ್ತನಾದವನು. ನಿವೃತ್ತನಾದ ಮೇಲೆ ಗಂಡಸರು ಏನು ಮಾಡಬೇಕೋ ಅದನ್ನೇ ಮಾಡುತ್ತಿದ್ದ. ಬೆಳಿಗ್ಗೆ ಎದ್ದು ಲಿಲಿಯನ್ ಎಂಬಾಕೆಯ ಹೋಟೆಲಿಗೆ ಹೋಗಿ, ಕಿಟಕಿ ಪಕ್ಕದ ಉದ್ದನೆ ಮೇಜಿನ ಹತ್ತಿರ ತನ್ನಂಥವರೇ ಏಳೆಂಟು ಜನರ ಜೊತೆ ಕೂತು ದೇಶವನ್ನು ನಡೆಸುತ್ತಿದ್ದ. ಪ್ರಧಾನಿಯ ಟೈ ಬಣ್ಣದಿಂದ ಹಿಡಿದು ರೈಲ್ವೆಯವರ ಸೋಮಾರಿತನದವರೆಗೆ ಆ ಮೇಜಿನ ಮೇಲೆ ತೀರ್ಮಾನವಾಗದ ವಿಷಯವಿರಲಿಲ್ಲ. ತೀರ್ಮಾನ ರಾಜಧಾನಿ ಓಟವಾವರೆಗೆ ತಲುಪುತ್ತಿರಲಿಲ್ಲ, ಅದು ಓಟವಾದವರ ದುರದೃಷ್ಟ.

ಈ ಮೇಜಿನಲ್ಲಿ ಓರೆಸ್ಟ್‌ಗೆ ಒಂದು ಗೌರವ ಇತ್ತು. ಪ್ರತಿ ಚುನಾವಣೆಯ ಮಾರನೆ ದಿನ ಆತ ಕಾಫಿ ಕಲಕುತ್ತಾ, “ನಾನು ಮೊದಲೇ ಅಂದ್ಕೊಂಡಿದ್ದೆ,” ಅನ್ನುತ್ತಿದ್ದ. ಏನು ಅಂದುಕೊಂಡಿದ್ದ ಅಂತ ಯಾರೂ ಕೇಳಿರಲಿಲ್ಲ. ಕೇಳಿದ್ದರೆ ಗ್ರಹಚಾರ ಕೆಡುತ್ತಿತ್ತು. ಯಾಕೆಂದರೆ ಓರೆಸ್ಟ್ ಹುಟ್ಟಿದಾಗಿನಿಂದ ಯಾರಿಗೆ ಓಟು ಹಾಕಿದ್ದನೋ ಅವರೆಲ್ಲ ಸೋತಿದ್ದರು. ಎಂಪಿಗೆ ಹಾಕಿದ್ದು, ಪ್ರಾಂತ್ಯದವರಿಗೆ ಹಾಕಿದ್ದು, ಶಾಲಾ ಮಂಡಳಿಗೆ ಹಾಕಿದ್ದು, ಒಂದೂ ಬಿಡದೆ ನೆಲಕಚ್ಚಿದ್ದವು. ಒಂದು ಸಲ ಶಾಲಾ ಮಂಡಳಿಗೆ ಒಬ್ಬನೇ ಅಭ್ಯರ್ಥಿ ನಿಂತಿದ್ದ. ಓರೆಸ್ಟ್ ಮನಸ್ಸಿನಲ್ಲೇ ‘ಈತನೇ ಆಗಲಿ’ ಅಂದುಕೊಂಡ ಅಷ್ಟೇ, ಮರುವಾರ ಆ ಮನುಷ್ಯನಿಗೆ ಬೇರೆ ಪ್ರಾಂತ್ಯಕ್ಕೆ ವರ್ಗವಾಯಿತು. ಈ ಗುಟ್ಟು ಓರೆಸ್ಟ್‌ಗೂ, ಮತಗಟ್ಟೆಯ ಪೆನ್ಸಿಲ್ಲಿಗೂ ಬಿಟ್ಟರೆ ಬೇರೆಯವರಿಗೆ ಗೊತ್ತಿರಲಿಲ್ಲ. ಹೆಂಡತಿ ಸ್ಟೆಫಾಗೂ ಗೊತ್ತಿರಲಿಲ್ಲ.

ಆ ವರ್ಷ ಎರಡು ಚುನಾವಣೆ ಒಂದರ ಬೆನ್ನಿಗೊಂದು ಬಂದವು. ಅಕ್ಟೋಬರಿನಲ್ಲಿ ದೇಶದ್ದು, ನವೆಂಬರಿನಲ್ಲಿ ಊರಿನದು. ದೇಶದ ಚುನಾವಣೆಯ ಗಾಳಿ ಹೇಗೆ ಬೀಸುತ್ತಿದೆ ಅಂತ ನೋಡಲು ರೇಡಿಯೋದ ಹುಡುಗಿ ಇಮೊಜೆನ್ ಬಂದಿಳಿದಳು. ಕೈಯಲ್ಲಿ ಮೈತುಂಬ ಕೂದಲಿದ್ದ ಒಂದು ಮೈಕು. ಅದನ್ನು ನೋಡಿ ಮೇಜಿನವರೆಲ್ಲ ಟೋಪಿ ಸರಿಮಾಡಿಕೊಂಡರು, ರೇಡಿಯೋದಲ್ಲಿ ಟೋಪಿ ಕಾಣುವುದಿಲ್ಲ ಅನ್ನುವುದನ್ನು ಮರೆತು.

“ಇಲ್ಲಿ ಯಾರು ಗೆಲ್ತಾರೆ ಅಂತ ಯಾರನ್ನ ಕೇಳಲಿ?” ಅಂದಳು ಇಮೊಜೆನ್.

“ನಮ್ಮ ಓರೆಸ್ಟ್‌ನ ಕೇಳಮ್ಮ,” ಅಂದ ವಾಸಿಲ್. ಓರೆಸ್ಟ್‌ನ ಬಾಲ್ಯದ ಗೆಳೆಯ, ನಾಲಿಗೆಗೆ ಬೀಗವಿಲ್ಲದ ಮನುಷ್ಯ. “ಇವನು ಎಲ್ಲಾನೂ ಮೊದಲೇ ಅಂದ್ಕೊಂಡಿರ್ತಾನೆ. ಇವನು ಓಟು ಹಾಕಿದವರೇ ಗೆಲ್ಲೋದು.”

ಮೈಕು ಓರೆಸ್ಟ್‌ನ ಮೂಗಿನ ಕೆಳಗೆ ಬಂತು. “ನಿಜಾನಾ ಸಾರ್? ನೀವು ಓಟು ಹಾಕಿದವರೇ ಯಾವಾಗ್ಲೂ ಗೆಲ್ತಾರಾ?”

ಓರೆಸ್ಟ್‌ನ ಬಾಯಲ್ಲಿ ಲಿಲಿಯನ್ ಮಾಡಿದ ಬೆಣ್ಣೆ ಟಾರ್ಟು ತುಂಬಿತ್ತು. “ಹೂಂ,” ಅಂದ. ಅಗಿದ. ನುಂಗಿದ. ಒಂದು ಗುಟುಕು ಕಾಫಿ ಕುಡಿದ. “ಇಲ್ಲ,” ಅಂದ.

ಅಷ್ಟರಲ್ಲಿ ಮೈಕು ಮುಂದಿನ ಕುರ್ಚಿಗೆ ಹೋಗಿತ್ತು.

ಅವತ್ತು ಸಂಜೆ ಇಡೀ ದೇಶ ಓರೆಸ್ಟ್‌ನ ‘ಹೂಂ’ ಕೇಳಿತು. ‘ಇಲ್ಲ’ವನ್ನು ಕೇಳಲಿಲ್ಲ. ಆಮೇಲೆ ಮೂವರು ರಾಜಕೀಯ ಪಂಡಿತರು ಕೂತು ಆ ಹೂಂ ಅನ್ನು ಎಳೆಎಳೆಯಾಗಿ ಬಿಡಿಸಿದರು. ಒಬ್ಬರಿಗೆ ಆ ಹೂಂ ಒಳಗೆ ಬಯಲುಸೀಮೆಯ ಅಸಮಾಧಾನ ಕೇಳಿಸಿತು. ಇನ್ನೊಬ್ಬರಿಗೆ ಎಚ್ಚರಿಕೆಯ ಆಶಾವಾದ ಕೇಳಿಸಿತು. ಮೂರನೆಯಾಕೆ, “ಹೂಂ ಅನ್ನೋ ಮೊದಲು ಆತ ತಡೆದದ್ದನ್ನ ಗಮನಿಸಿ, ಅಲ್ಲೇ ಇದೆ ನೋಡಿ ಈ ಚುನಾವಣೆ,” ಅಂದರು. ಅಲ್ಲಿ ಇದ್ದದ್ದು ಬೆಣ್ಣೆ ಟಾರ್ಟು.

ಮಾರನೆ ದಿನ ಹೋಟೆಲಿನ ಬಾಗಿಲಲ್ಲಿ ಓರೆಸ್ಟ್ ಕಾಣಿಸಿದ ಕೂಡಲೇ ಮೇಜಿನವರು ಎದ್ದು ನಿಂತರು. ಲಿಲಿಯನ್ ಕೇಳದೆಯೇ ಒಂದು ತುಂಡು ಸೇಬಿನ ಪೈ ತಂದಿಟ್ಟು, ದುಡ್ಡು ಬೇಡ ಅಂದಳು. ನಿಜ ಹೇಳಿಬಿಡಬೇಕು ಅಂತಲೇ ಓರೆಸ್ಟ್ ಮನೆಯಿಂದ ಹೊರಟಿದ್ದ. ಆದರೆ ಪೈ ಬಿಸಿಯಾಗಿತ್ತು. ತಿಂದು ಹೇಳೋಣ ಅಂದುಕೊಂಡ. ತಿಂದ ಮೇಲೆ ಹೇಳುವುದು ಚೆನ್ನಾಗಿ ಕಾಣುವುದಿಲ್ಲ ಅನ್ನಿಸಿತು.

ಆ ವಾರವೇ ಅಕಾಲದ ಹಿಮ ಬಿತ್ತು. ಬೆಳಿಗ್ಗೆ ಸ್ಟೆಫಾ ಕಿಟಕಿ ಪರದೆ ಸರಿಸಿ ನೋಡಿದರೆ ಅಂಗಳದಲ್ಲಿ ದೇಶದ ಚುನಾವಣೆಗೆ ನಿಂತ ಮೂವರು ಹಿಮ ಎತ್ತಿ ಹಾಕುತ್ತಿದ್ದಾರೆ. ನೀಲಿ ಪಕ್ಷದ ದನಸಾಕಣೆದಾರ ತನ್ನದೇ ಸಲಿಕೆ ತಂದಿದ್ದ. ಕೆಂಪು ಪಕ್ಷದ ಮೇಷ್ಟ್ರು ಓರೆಸ್ಟ್‌ನ ಸಲಿಕೆಯನ್ನೇ ತೆಗೆದುಕೊಂಡಿದ್ದರು. ಕಿತ್ತಳೆ ಪಕ್ಷದ ನರ್ಸಮ್ಮ ಸುತ್ತುಹಾಕಿ ಹಿತ್ತಲಿಂದ ಶುರುಮಾಡಿದ್ದಳು. ಮೂವರೂ ನಡುವೆ ಒಂದೇ ಕಡೆ ಬಂದು ಸೇರಿದರು.

“ಕ್ಷಮಿಸಿ, ನಿಮ್ಮ ಹಿಮ ನಾನು ತೆಗೆದುಬಿಟ್ಟೆ,” ಅಂದ ನೀಲಿ.

“ಛೆ ಛೆ, ನಾನೇ ಕ್ಷಮೆ ಕೇಳ್ಬೇಕು, ನಿಮ್ಮ ಕಾಲ ಮೇಲೆ ಹಾಕಿದೆ,” ಅಂದರು ಕೆಂಪು.

“ಇಬ್ರೂ ಕ್ಷಮಿಸಿ, ಸ್ವಲ್ಪ ಸರಿದರೆ ಮೆಟ್ಟಿಲು ಮುಗಿಸ್ತೀನಿ,” ಅಂದಳು ಕಿತ್ತಳೆ.

ಸ್ಟೆಫಾ ಒಳಗಿನಿಂದ ಗಂಡನನ್ನು ಕೂಗಿ ಕರೆದಳು. “ಬಾ ಇಲ್ಲಿ, ನೋಡು. ಮದುವೆ ಆದಾಗಿಂದ ಹಿಮ ತೆಗಿ ಅಂತ ನಿಂಗೆ ಹೇಳಿ ಹೇಳಿ ಸಾಕಾಗಿತ್ತು. ಪ್ರಜಾಪ್ರಭುತ್ವ ಅಂದ್ರೆ ಇದು.”

ಮೂವರೂ ಬಾಗಿಲಿಗೆ ಬಂದು ಕೇಳಿದರು, ನಿಮ್ಮ ಓಟು ನನಗೇ ತಾನೇ ಅಂತ. ಅಷ್ಟು ಬೆವರು ಸುರಿಸಿದವರಿಗೆ ಇಲ್ಲ ಅನ್ನುವುದು ಹೇಗೆ? ಓರೆಸ್ಟ್ ಮೂವರಿಗೂ “ಇಲ್ಲ, ಹೂಂ,” ಅಂದ. ಹಿಮ ಕರಗಿ ನೆಲ ಕೆಸರಾದ ಕೂಡಲೇ ಮೂವರೂ ಅವನ ಹುಲ್ಲಿನ ಮೇಲೆ ತಮ್ಮ ತಮ್ಮ ಬೋರ್ಡು ನೆಟ್ಟು ಹೋದರು. ಹಸಿರು ಪಕ್ಷದವರು ಬರಲೇ ಇಲ್ಲ, ಬೋರ್ಡು ಮಾತ್ರ ಹೇಗೋ ಬಂದು ನಿಂತಿತ್ತು. ಬೀದಿಯಲ್ಲಿ ಹೋಗುವ ಕಾರುಗಳು ಓರೆಸ್ಟ್‌ನ ಮನೆ ಮುಂದೆ ನಿಧಾನವಾಗತೊಡಗಿದವು. ಈ ಮನುಷ್ಯ ಒಳಗೊಳಗೆ ಯಾರ ಕಡೆ ಅಂತ ತಿಳಿಯಲು ಜನ ಬೋರ್ಡುಗಳ ಎತ್ತರ ಅಳೆದರು, ಯಾವುದು ಅಡುಗೆಮನೆ ಕಿಟಕಿಗೆ ಹತ್ತಿರ ಅಂತ ವಾದ ಮಾಡಿದರು.

ಇದಿಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ನವೆಂಬರಿನ ಊರ ಚುನಾವಣೆಗೆ ಮೇಯರ್ ಸ್ಥಾನಕ್ಕೆ ನಿಂತಿದ್ದವಳು ಸ್ಟೆಫಾ.

ಕಾರಣ ಕರ್ಲಿಂಗ್ ಮನೆ. ಚಳಿಗಾಲ ಬಂದರೆ ಊರಿಗೆ ಊರೇ ಆ ತಗಡಿನ ಚಾವಣಿಯ ಕೆಳಗೆ ಸೇರಿ, ಮಂಜುಗಡ್ಡೆಯ ಮೇಲೆ ಕಲ್ಲು ಜಾರಿಸಿ, ಅದರ ಮುಂದೆ ಪೊರಕೆ ಉಜ್ಜುತ್ತಾ ಓಡುತ್ತಿತ್ತು. ಸ್ಟೆಫಾ ಅಲ್ಲಿನ ಹೆಂಗಸರ ತಂಡದ ನಾಯಕಿ. ಓರೆಸ್ಟ್ ಆಕೆಯ ಕಣ್ಣಿಗೆ ಮೊದಲು ಬಿದ್ದದ್ದೂ ಅಲ್ಲೇ, ನಿಜವಾಗಿಯೂ ಬಿದ್ದದ್ದು, ಅಂಗಾತ. ಈಗ ಮಂಜುಗಡ್ಡೆಯ ಯಂತ್ರ ಕೆಟ್ಟಿತ್ತು. ರಿಪೇರಿಗೆ ದುಡ್ಡಿಲ್ಲ, ಜಾಗ ಮಾರಿ ಬಿಡೋಣ ಅಂತ ಮೇಯರ್ ಲ್ಯಾಕ್‌ಲನ್ ಮುನ್ರೋ ಹೇಳಿದ್ದ. ಲ್ಯಾಕ್‌ಲನ್ ಹಾರ್ಡ್‌ವೇರ್ ಅಂಗಡಿಯವನು, ಒಳ್ಳೆಯವನು, ಎದುರಿಗೆ ಯಾರೂ ನಿಲ್ಲದ್ದರಿಂದ ಪ್ರತಿಸಲ ಅವಿರೋಧವಾಗಿ ಆಯ್ಕೆಯಾಗಿ ಅಭ್ಯಾಸವಾದವನು. “ಮಾರ್ತೀಯಾ? ನಾನು ನಿಂತ್ಕೋತೀನಿ,” ಅಂದಳು ಸ್ಟೆಫಾ. ನಿಂತೇಬಿಟ್ಟಳು.

ಸ್ಟೆಫಾ ತಂಡದವರ ಜೊತೆ ಚರ್ಚಿನ ಅಡುಗೆಮನೆಯಲ್ಲಿ ಯಂತ್ರದ ನಿಧಿಗೆ ಅಂತ ಆಲೂಗಡ್ಡೆ ತುಂಬಿದ ಪೆರೋಗಿ ಕಡುಬು ಮಡಚುತ್ತಿದ್ದ ಒಂದು ಮಧ್ಯಾಹ್ನ ಲ್ಯಾಕ್‌ಲನ್ ಬೋರ್ಡು, ಸುತ್ತಿಗೆ ಹಿಡಿದು ಬಂದ.

“ಕ್ಷಮಿಸು ಓರೆಸ್ಟ್. ನಿನ್ನ ಅಂಗಳದಲ್ಲಿ ಎಲ್ಲಾ ಬಣ್ಣದ್ದೂ ಇದೆ. ನಂದೂ ಒಂದು ನೆಡ್ಬಹುದಾ?”

“ಹೂಂ,” ಅಂದ ಓರೆಸ್ಟ್.

‘ಇಲ್ಲ’ ಅನ್ನುವಷ್ಟರಲ್ಲಿ ಸುತ್ತಿಗೆಯ ಮೊದಲ ಏಟು ಬಿದ್ದಿತ್ತು. ಲ್ಯಾಕ್‌ಲನ್ ಹಾರ್ಡ್‌ವೇರ್ ಅಂಗಡಿಯವನಾದ್ದರಿಂದ ಅವನ ಬೋರ್ಡಿಗೆ ಕಬ್ಬಿಣದ ಕಾಲು, ಮೊಳಕ್ಕಿಂತ ಉದ್ದ. ಕೆಸರಲ್ಲಿ ಸಲೀಸಾಗಿ ಇಳಿಯಿತು.

ಸಂಜೆ ಸ್ಟೆಫಾ ಕೈತುಂಬ ಹಿಟ್ಟು ಮೆತ್ತಿಕೊಂಡು ಬಂದು ಗೇಟಿನಲ್ಲೇ ನಿಂತಳು.

“ಇದೇನು?”

“ಬೋರ್ಡು.”

“ಬೋರ್ಡು ಅಂತ ಗೊತ್ತು. ನಾನು ಯಾರ ವಿರುದ್ಧ ನಿಂತಿರೋದು ಓರೆಸ್ಟ್?”

“ಲ್ಯಾಕ್‌ಲನ್ ವಿರುದ್ಧ.”

“ಇದು ಯಾರ ಬೋರ್ಡು?”

“ಲ್ಯಾಕ್‌ಲನ್‌ದು.”

“ನನ್ನ ಬೋರ್ಡು ಎಲ್ಲಿ?”

“ಅದರ ಹಿಂದೆ ಇದೆ. ಬಗ್ಗಿ ನೋಡಿದ್ರೆ ಕಾಣುತ್ತೆ.” ಅವಳ ಮುಖ ನೋಡಿ, “ಕಿತ್ತು ಹಾಕ್ಲಾ?” ಅಂದ.

“ಬೇಡ. ಮುನ್ರೋನ ಬೋರ್ಡು ಕಿತ್ತಳು ಅಂತ ನಾಳೆ ಊರೆಲ್ಲ ಆಡ್ಕೊಳುತ್ತೆ. ನೆಟ್ಟವನೇ ಬಂದು ತೆಗೀಲಿ.” ಮೆಟ್ಟಿಲ ಮೇಲೆ ಕೂತಳು. ದನಿ ಇಳಿಯಿತು. “ನೋಡು, ನಂಗೆ ಬೋರ್ಡು ಬೇಡ. ಈ ಸಲ ಸೋತ್ರೆ ಆ ಮನೆ ಹೋಯ್ತು, ಮತ್ತೆ ಬರಲ್ಲ. ಊರಲ್ಲಿ ಒಂದೊಂದು ಓಟೂ ಮುಖ್ಯ. ನಿನ್ನ ಓಟು ನಂಗೇ ತಾನೇ?”

“ಇಲ್ಲ, ಹೂಂ,” ಅಂದ ಓರೆಸ್ಟ್. ಹೃದಯದಿಂದಲೇ ಅಂದ. ಅಂದಮೇಲೆ ನಾಲಿಗೆ ಕಚ್ಚಿಕೊಂಡ. ತನ್ನ ಓಟು ಬಿದ್ದವರ ಗತಿ ಏನಾಗಿದೆ ಅಂತ ಅವನಿಗಲ್ಲದೆ ಇನ್ನಾರಿಗೆ ಗೊತ್ತು?

ಒಂದು ಪರೀಕ್ಷೆ ಮಾಡಿ ನೋಡಬೇಕು ಅಂದುಕೊಂಡ. ಎಷ್ಟೋ ವರ್ಷದಿಂದ ಕಿತ್ತಳೆಗೇ ಹಾಕುತ್ತಾ ಬಂದಿದ್ದ, ಕಿತ್ತಳೆ ಸೋಲುತ್ತಾ ಬಂದಿತ್ತು. ಬಹುಶಃ ದೋಷ ಕಿತ್ತಳೆಯದಿರಬಹುದು, ತನ್ನದಲ್ಲದಿರಬಹುದು. ಆ ಕ್ಷೇತ್ರದಲ್ಲಿ ನೀಲಿ ಬಿಟ್ಟು ಬೇರೆ ಬಣ್ಣ ಗೆದ್ದದ್ದನ್ನು ಬದುಕಿದ್ದವರು ಯಾರೂ ನೋಡಿರಲಿಲ್ಲ. ನೀಲಿಯವನು ಪ್ರಚಾರಕ್ಕೆ ಹೋಗದೆ ಕರುಗಳ ಹೆರಿಗೆ ಮಾಡಿಸುತ್ತಾ ಕೂತರೂ ಗೆಲ್ಲುತ್ತಿದ್ದ. ಓರೆಸ್ಟ್ ಅಕ್ಟೋಬರಿನಲ್ಲಿ ರಟ್ಟಿನ ಮರೆಯ ಹಿಂದೆ ಬಗ್ಗಿ, ಪೆನ್ಸಿಲು ಹಿಡಿದು, ಜನ್ಮದಲ್ಲಿ ಮೊದಲ ಸಲ ನೀಲಿಗೆ ಗುರುತು ಹಾಕಿದ.

ಕಿತ್ತಳೆ ಗೆದ್ದಿತು.

ಇಡೀ ದೇಶದ ಪಂಡಿತರು ತಲೆ ಕೆರೆದುಕೊಂಡರು. ಯುವಕರು ತಿರುಗಿದರು ಅಂದರು, ಹವಾಮಾನ ಅಂದರು, ಗೋಧಿಯ ಬೆಲೆ ಅಂದರು. ಗೆದ್ದ ನರ್ಸಮ್ಮ ಮಾತ್ರ ತಾನೇ ಮಾಡಿದ ಕುಂಬಳಕಾಯಿ ಪೈ ಹಿಡಿದು ನೇರ ಓರೆಸ್ಟ್‌ನ ಮನೆಗೆ ಬಂದಳು. “ನಿಮ್ಮ ಒಂದು ಹೂಂ ನನ್ನನ್ನ ಓಟವಾಗೆ ಕಳಿಸ್ತು ಸಾರ್,” ಅಂತ ಕೈ ಹಿಡಿದು ಕುಲುಕಿದಳು. ಓರೆಸ್ಟ್ ತಲೆ ತಗ್ಗಿಸಿ ಪೈ ನೋಡುತ್ತಿದ್ದ. ಅದನ್ನು ಆಕೆ ವಿನಯ ಅಂದುಕೊಂಡಳು.

ಇನ್ನು ತಡೆಯಲಾಗಲಿಲ್ಲ. ಹೋಟೆಲಿಗೆ ಹೋಗಿ ವಾಸಿಲ್‌ನನ್ನು ಮೂಲೆಗೆ ಎಳೆದ.

“ವಾಸಿಲ್, ಒಂದು ಮಾತು ಹೇಳ್ತೀನಿ. ಯಾರಿಗೂ ಹೇಳಬಾರದು.”

“ನಮ್ಮಪ್ಪನಾಣೆ.”

“ನಾನು ಓಟು ಹಾಕಿದವರು ಇವತ್ತಿನವರೆಗೆ ಒಬ್ರೂ ಗೆದ್ದಿಲ್ಲ ಕಣೋ. ಈ ಸಲ ನೀಲಿಗೆ ಹಾಕಿದೆ. ನೀಲಿಗೆ! ಸ್ಟೆಫಾಗೆ ಹಾಕ್ತೀನಿ ಅಂತ ಮಾತು ಕೊಟ್ಟಿದೀನಿ. ಹಾಕಿದ್ರೆ ಅವಳು ಮುಳುಗಿದಳು ಅಂತಲೇ. ಏನೋ ಮಾಡಲಿ?”

ವಾಸಿಲ್ ಮೊದಲು ಟೋಪಿ ಹಿಂದಕ್ಕೆ ತಳ್ಳಿದ. ಆಮೇಲೆ, “ನನ್ನ ನಾದಿನಿ ಶಾಲಾ ಮಂಡಳಿಗೆ ನಿಂತಾಗ ಯಾರಿಗೆ ಹಾಕಿದ್ದೆ?” ಅಂದ.

“ನಿನ್ನ ನಾದಿನಿಗೇ.”

“ಥೂ ನಿನ್ನ!”

ವಾಸಿಲ್ ಮಾತಿಗೆ ತಪ್ಪಲಿಲ್ಲ, ಒಬ್ಬರಿಗೂ ಹೇಳಲಿಲ್ಲ. ಮೇಜಿನವರಿಗೆಲ್ಲ ಒಟ್ಟಿಗೇ ಹೇಳಿದ. ಊಟದ ಹೊತ್ತಿಗೆ ಸುದ್ದಿ ಊರಾಚೆಯ ಪೆಟ್ರೋಲ್ ಬಂಕು ದಾಟಿತ್ತು.

ಅವತ್ತಿನಿಂದ ಪ್ಲೋವರ್ ಕ್ರೀಕ್‌ನ ರಾಜಕೀಯ ತಲೆಕೆಳಗಾಯಿತು. ಮೊದಲು ಬಂದದ್ದು ಸ್ಟೆಫಾಳ ತಂಡದ ಹೆಂಗಸರು, ಥೋರಾಳ ಮುಂದಾಳತ್ವದಲ್ಲಿ. ಥೋರಾ ಕಲ್ಲಿನ ಮುಂದೆ ಪೊರಕೆ ಉಜ್ಜುವವಳು, ತೋಳು ದಪ್ಪ. ಸ್ಟೆಫಾ ಮನೆಯಲ್ಲಿಲ್ಲದ ಹೊತ್ತು ನೋಡಿಕೊಂಡೇ ಬಂದಿದ್ದಳು.

“ಓರೆಸ್ಟ್, ನಿಂಗೆ ಹೆಂಡತಿ ಮೇಲೆ ಪ್ರೀತಿ ಇದೆಯಾ?”

“ಇಲ್ಲ, ಹೂಂ!”

“ಇದ್ರೆ ಲ್ಯಾಕ್‌ಲನ್‌ಗೆ ಹಾಕು.”

“ಅವಳಿಗೆ ಮಾತು ಕೊಟ್ಟಿದೀನಲ್ಲ ಥೋರಾ.”

“ಮಾತು ದೊಡ್ಡದಾ, ಮನುಷ್ಯಳು ದೊಡ್ಡವಳಾ? ನೀನು ಅವಳ ಹೆಸರಿನ ಮುಂದೆ ಗುರುತು ಹಾಕಿದ ಕ್ಷಣವೇ ಯಂತ್ರ ಹೋಯ್ತು, ಚಾವಣಿ ಹೋಯ್ತು, ನಮ್ಮ ಮಂಜುಗಡ್ಡೆ ಹೋಯ್ತು. ಯೋಚನೆ ಮಾಡು.”

ಅವರು ಹೋದ ಮೇಲೆ ಲ್ಯಾಕ್‌ಲನ್ ಬಂದ. ಕೈಯಲ್ಲಿ ಉಣ್ಣೆ ಟೋಪಿ ಹಿಂಡುತ್ತಿದ್ದ.

“ಕ್ಷಮಿಸು ಓರೆಸ್ಟ್, ಹೀಗೆ ಕೇಳಬಾರದು. ದಯವಿಟ್ಟು ನಂಗೆ ಓಟು ಹಾಕಬೇಡ.”

“ನೀನೇ ಬೋರ್ಡು ನೆಟ್ಟಿದೀಯಲ್ಲೋ!”

“ಅದನ್ನ ತೆಗೆದುಬಿಡ್ತೀನಿ,” ಅಂತ ಎರಡೂ ಕೈಯಲ್ಲಿ ಹಿಡಿದು ಎಳೆದ. ರಾತ್ರೋರಾತ್ರಿ ಚಳಿ ಏರಿತ್ತು. ನೆಲ ಹೆಪ್ಪುಗಟ್ಟಿ ಕಲ್ಲಾಗಿತ್ತು. ಬೋರ್ಡು ಜಗ್ಗಲಿಲ್ಲ, ಲ್ಯಾಕ್‌ಲನ್‌ನ ಸೊಂಟ ಜಗ್ಗಿತು. ಎದ್ದು ನಿಂತು ಬೋರ್ಡಿಗೂ ಒಂದು ಕ್ಷಮೆ ಕೇಳಿ ಕುಂಟುತ್ತಾ ಹೋದ. “ಹೆಂಡತಿಗೆ ಓಟು ಹಾಕೋದು ಗಂಡನ ಧರ್ಮ, ಮರೀಬೇಡ,” ಅಂತ ಬೀದಿಯಿಂದ ಕೂಗಿ ಹೇಳಿದ.

ಸ್ಟೆಫಾಗೂ ಸುದ್ದಿ ಮುಟ್ಟಿತ್ತು. ಊಟದ ತಟ್ಟೆ ಮುಂದಿಟ್ಟು, “ಮಾತು ಕೊಟ್ಟಿದೀಯಾ, ನೆನಪಿರಲಿ,” ಅಂದಳು ಅಷ್ಟೇ. ಓರೆಸ್ಟ್ ಚಮಚ ಕೆಳಗಿಟ್ಟ. ಮಾತು ಉಳಿಸಿಕೊಂಡರೆ ಹೆಂಡತಿ ಸೋಲುತ್ತಾಳೆ, ಹೆಂಡತಿ ಗೆಲ್ಲಬೇಕಾದರೆ ಮಾತು ಮುರಿಯಬೇಕು. ಓಟವಾದಲ್ಲಿ ಕೂತವರಿಗೂ ಇಂಥ ಪೇಚು ಬಂದಿರಲಿಕ್ಕಿಲ್ಲ. ಬಂದರೆ ಅವರು ಸಮಿತಿ ಮಾಡುತ್ತಾರೆ, ಓರೆಸ್ಟ್ ಯಾರನ್ನು ಕರೆದು ಸಮಿತಿ ಮಾಡಬೇಕು?

ಮತದಾನದ ದಿನ ಸಮುದಾಯ ಭವನದಲ್ಲಿ ಸಾಲು ಬಾಗಿಲಾಚೆಗೂ ನಿಂತಿತ್ತು. ಓರೆಸ್ಟ್ ಒಳಗೆ ಕಾಲಿಟ್ಟದ್ದೇ ಎಲ್ಲರೂ ಅವನ ಕಡೆ ತಿರುಗಿದರು. ಪಟ್ಟಣ ಕಚೇರಿಯ ಗುಮಾಸ್ತೆ ಅಗ್ನೆಸ್ ಹಾಲ್ವರ್ಸನ್ ಮತಪತ್ರ ಮಡಚಿ ಕೊಡುತ್ತಾ ಕನ್ನಡಕದ ಮೇಲಿಂದ ಅವನನ್ನು ನೋಡಿದಳು. ಅವಳಿಗೂ ತಿಳಿಯುವ ಆಸೆ, ಆದರೆ ಕಾನೂನು ಬಿಡದು.

ರಟ್ಟಿನ ಮರೆಯ ಹಿಂದೆ ಓರೆಸ್ಟ್ ಹೋದ. ಹೊರಗಿನವರಿಗೆ ಅವನ ಬೂಟುಗಳು ಮಾತ್ರ ಕಾಣುತ್ತಿದ್ದವು. ಎಡ ಬೂಟು ಮುಂದೆ ಹೋದರೆ ಥೋರಾ ಉಸಿರು ಬಿಗಿಹಿಡಿದಳು. ಬಲ ಬೂಟು ಹೋದರೆ ಲ್ಯಾಕ್‌ಲನ್‌ನ ಕಡೆಯವರು ಟೋಪಿ ಕಚ್ಚಿಕೊಂಡರು. ಒಳಗೆ ಓರೆಸ್ಟ್ ಸ್ಟೆಫಾಳ ಹೆಸರನ್ನು ನೋಡಿದ. ಅಚ್ಚಾದ ಅಕ್ಷರದಲ್ಲಿ ಎಷ್ಟು ಚೆಂದ ಕಾಣುತ್ತಿತ್ತು! ಪೆನ್ಸಿಲು ಅಲ್ಲಿಗೆ ತಾನಾಗಿಯೇ ಹೋಯಿತು. ತಡೆದ. ‘ಸ್ಟೆಫಾ, ನಿನ್ನ ಮೇಲಿನ ಪ್ರೀತಿಗೇ ಕಣೆ,’ ಅಂತ ಮನಸ್ಸಲ್ಲಿ ಅಂದು, ಕಣ್ಣು ಮುಚ್ಚಿ, ಲ್ಯಾಕ್‌ಲನ್‌ಗೆ ಗುರುತು ಹಾಕಿದ. ಕಣ್ಣು ಮುಚ್ಚಿದ್ದರಿಂದ ಸರಿಯಾಗಿ ಬಿತ್ತಾ ಅಂತ ತೆರೆದು ನೋಡಿದ. ಬಿದ್ದಿತ್ತು.

ಎಣಿಸಿದರು. ಇಬ್ಬರಿಗೂ ಒಂದೇ ಸಮ. ಮತ್ತೆ ಎಣಿಸಿದರು. ಮತ್ತೂ ಸಮ. ಕಾನೂನು ತೆಗೆದು ನೋಡಿದ ಅಗ್ನೆಸ್, ಹೀಗಾದರೆ ಎರಡು ಚೀಟಿ ಬರೆದು ಒಂದನ್ನು ಎತ್ತಬೇಕು, ಬಂದ ಹೆಸರೇ ಮೇಯರ್, ನಾಳೆ ಬೆಳಿಗ್ಗೆ ಕರ್ಲಿಂಗ್ ಮನೆಯಲ್ಲಿ ಎಲ್ಲರ ಮುಂದೆ, ಅಂದಳು.

ಬೆಳಿಗ್ಗೆ ಊರೆಲ್ಲ ಅಲ್ಲಿ ಸೇರಿತು. ರೇಡಿಯೋದ ಇಮೊಜೆನ್ ಕೂಡ ಕೂದಲ ಮೈಕು ಹಿಡಿದು ಬಂದಳು. ಚೀಟಿ ಹಾಕಲು ಏನಾದರೂ ಬೇಕಲ್ಲ, ಓರೆಸ್ಟ್ ತನ್ನ ಟೋಪಿ ತೆಗೆದು ಕೊಡಲು ಹೋದ.

“ಅವನ ಟೋಪಿ ಬೇಡ!” ಅಂತ ಎರಡೂ ಕಡೆಯವರು ಒಂದೇ ದನಿಯಲ್ಲಿ ಕಿರುಚಿದರು. ಇಡೀ ಪ್ರಚಾರದಲ್ಲಿ ಅವರು ಒಪ್ಪಿದ ಮೊದಲ ವಿಷಯ ಅದು. ಓರೆಸ್ಟ್ ಒಳಗೆ ಇರುವುದೇ ಬೇಡ ಅಂತಲೂ ಒಪ್ಪಿದರು. ಪೆರೋಗಿ ಬೇಯಿಸುವ ಪಾತ್ರೆ ತಂದರು, ಓರೆಸ್ಟ್‌ನನ್ನು ಮರ್ಯಾದೆಯಿಂದ ಹೊರಗೆ ಕಳಿಸಿ ಬಾಗಿಲು ಹಾಕಿದರು.

ಹೊರಗಿನ ಬೆಂಚಿನ ಮೇಲೆ ಲ್ಯಾಕ್‌ಲನ್ ಮೊದಲೇ ಕೂತಿದ್ದ. “ನೋಡೋಕೆ ಧೈರ್ಯ ಸಾಲಲಿಲ್ಲ,” ಅಂದ. ಚಳಿಗೆ ಇಬ್ಬರ ಬಾಯಿಂದಲೂ ಹಬೆ ಬರುತ್ತಿತ್ತು.

“ಒಂದು ಮಾತು ಹೇಳ್ತೀನಿ ಓರೆಸ್ಟ್. ನಾನು ನನ್ನ ಓಟು ಸ್ಟೆಫಾಗೆ ಹಾಕಿದೆ.”

“ಏನಂದೆ?”

“ಇಷ್ಟು ವರ್ಷ ಅವಿರೋಧ. ನನ್ನ ಹೆಸರು ಮತಪತ್ರದ ಮೇಲೆ ನೋಡಿದ್ದೇ ಇಲ್ಲ. ತನ್ನ ಹೆಸರಿಗೆ ತಾನೇ ಗುರುತು ಹಾಕ್ಕೊಳೋದು ಏನು ಚೆಂದ ಹೇಳು? ನಮ್ಮಮ್ಮ ನೋಡಿದ್ರೆ ಏನು ಅಂದ್ಕೋತಿದ್ಳು?”

ಓರೆಸ್ಟ್‌ನ ಮನಸ್ಸು ಕರಗಿತು. ಇಂಥವನ ಹತ್ತಿರ ಮುಚ್ಚಿಡುವುದು ಸರಿಯಲ್ಲ ಅನ್ನಿಸಿತು. “ನಾನು ನಿಂಗೆ ಹಾಕಿದೆ ಲ್ಯಾಕ್‌ಲನ್.”

ಲ್ಯಾಕ್‌ಲನ್ ಸುಣ್ಣದ ಹಾಗೆ ಬಿಳುಚಿಕೊಂಡ. “ನಂಗಾ? ಅಯ್ಯೋ ಪುಣ್ಯಾತ್ಮಾ! ಹಾಗಾದ್ರೆ ನಾನು...”

ಒಳಗಿನಿಂದ ಹೋ ಅನ್ನುವ ಕೂಗು ಎದ್ದಿತು. ತಗಡಿನ ಚಾವಣಿ ನಡುಗಿತು. ಅದು ಹೆಂಗಸರ ಕೂಗು, ಥೋರಾಳ ಗಂಟಲು ಎಲ್ಲಕ್ಕಿಂತ ಮೇಲಿತ್ತು. “...ಸೋತೆ,” ಅಂತ ಮುಗಿಸಿದ ಲ್ಯಾಕ್‌ಲನ್. ಸ್ವಲ್ಪ ಹೊತ್ತಿಗೆ ಅವನ ಮುಖಕ್ಕೆ ಕಳೆ ಬಂತು, ಯಾವುದೋ ಭಾರ ಇಳಿಸಿದವನ ಹಾಗೆ ಉಸಿರು ಬಿಟ್ಟ. “ಇನ್ನು ಚರಂಡಿ ವಿಷಯಕ್ಕೆ ಊರವರು ನನ್ನ ಅಂಗಡಿಗೆ ಬರಲ್ಲ ಅಲ್ವಾ?” ಅಂದ.

ಬಾಗಿಲು ತೆರೆಯಿತು. ಸ್ಟೆಫಾಳನ್ನು ಎತ್ತಿಕೊಂಡೇ ಬಂದರು. ಇಮೊಜೆನ್ ಎಲ್ಲರ ನಡುವೆ ನುಗ್ಗಿ ಓರೆಸ್ಟ್‌ನ ಮುಂದೆ ಮೈಕು ಹಿಡಿದಳು.

“ಸಾರ್, ನೇರ ಪ್ರಸಾರದಲ್ಲಿದೀವಿ! ನಿಮ್ಮ ಓಟು ಮತ್ತೆ ಗೆದ್ದಿತು, ಅಲ್ವಾ?”

ಸ್ಟೆಫಾ ಥೋರಾಳ ತೋಳಿನಿಂದ ಕೆಳಗಿಳಿದು ಗಂಡನ ಮುಖವನ್ನೇ ನೋಡುತ್ತಿದ್ದಳು. ಹೌದು ಅಂದುಬಿಟ್ಟರೆ ಮುಗಿಯಿತು. ಹೆಂಡತಿಗೆ ಖುಷಿ, ದೇಶಕ್ಕೆ ಖುಷಿ, ಲಿಲಿಯನ್‌ನ ಪೈ ಸಾಯುವವರೆಗೂ ಬಿಟ್ಟಿ. ಓರೆಸ್ಟ್ ಬಾಯಿ ತೆರೆದ.

“ಹೂಂ,” ಅಂದ. ಈ ಸಲ ಬಾಯಲ್ಲಿ ಟಾರ್ಟು ಇರಲಿಲ್ಲ. ಮೈಕಿನ ಕೂದಲು ಹಿಡಿದು ತನ್ನ ಹತ್ತಿರ ಎಳೆದುಕೊಂಡ, ಎಲ್ಲಿ ಓಡಿಹೋಗುತ್ತದೋ ಅಂತ. “ಇಲ್ಲ,” ಅಂದ.

ಪಂಡಿತರಿಗೆ ಅರ್ಥವಾಗಲಿಲ್ಲ. ಸಂಜೆ ಮೂವರೂ ಕೂತು, ಗೆದ್ದವರ ವಿನಯ ಅಂದರೆ ಇದು ಅಂತ ಹೊಗಳಿದರು. ಆದರೆ ಅಲ್ಲಿ ನಿಂತಿದ್ದ ಊರಿಗೆಲ್ಲ ಅರ್ಥವಾಯಿತು. ಸ್ಟೆಫಾಗೂ ಅರ್ಥವಾಯಿತು.

ಮನೆಗೆ ಇಬ್ಬರೂ ನಡೆದೇ ಹೋದರು. ಸ್ಟೆಫಾ ತಿರುಗಿ ನೋಡದೆ ಮುಂದೆ ಮುಂದೆ ಹೋದಳು. ಓರೆಸ್ಟ್ ಎರಡು ಹೆಜ್ಜೆ ಹಿಂದೆ ಬರುತ್ತಾ, “ನೋಡು, ನಾನು ಹಾಕಿದವರು...” “ಥೋರಾ ಹೇಳಿದ್ಳು...” “ನೀನು ಗೆಲ್ಲಲಿ ಅಂತಲೇ...” ಅಂತ ಶುರುಮಾಡಿ ಶುರುಮಾಡಿ ಬಿಟ್ಟ.

ಗೇಟಿನ ಒಳಗೆ ಬಂದದ್ದೇ ಸ್ಟೆಫಾ ಲ್ಯಾಕ್‌ಲನ್‌ನ ಬೋರ್ಡಿನ ಹತ್ತಿರ ಹೋಗಿ ಎರಡೂ ಕೈ ಹಾಕಿ ಎಳೆದಳು. ಅಲುಗಲಿಲ್ಲ. “ನಿಂತು ಏನು ನೋಡ್ತೀಯಾ? ಹಿಡಿ!” ಓರೆಸ್ಟ್ ಓಡಿ ಬಂದು ಹಿಡಿದ. ಇಬ್ಬರೂ ಕಾಲೂರಿ ಎಳೆದರು. ನೆಲ ಆ ಕಬ್ಬಿಣದ ಕಾಲನ್ನು ಕಚ್ಚಿ ಹಿಡಿದಿತ್ತು, ಇನ್ನು ಏಪ್ರಿಲ್‌ವರೆಗೆ ಬಿಡುವ ಹಾಗಿರಲಿಲ್ಲ. ಕೊನೆಗೆ ಕೈ ಜಾರಿ ಇಬ್ಬರೂ ಹೊಸದಾಗಿ ಬಿದ್ದ ಹಿಮದ ಮೇಲೆ ಅಂಗಾತ ಬಿದ್ದರು. ಹೊಸ ಮೇಯರ್ ಮನೆ ಮುಂದೆ ಹಳೆ ಮೇಯರ್‌ಗೇ ಓಟು ಕೊಡಿ ಅಂತ ಬೋರ್ಡು ನೆಟ್ಟಗೆ ನಿಂತಿತ್ತು.

ಸ್ಟೆಫಾ ಮಲಗಿದಲ್ಲೇ ಆಕಾಶ ನೋಡುತ್ತಾ, “ಓರೆಸ್ಟ್, ಒಂದು ಹೇಳ್ಬೇಕು,” ಅಂದಳು. ಕರ್ಲಿಂಗ್‌ನಲ್ಲಿ ತನ್ನ ಪೊರಕೆ ಕಲ್ಲಿಗೆ ತಾಗಿದರೆ ಯಾರೂ ನೋಡದಿದ್ದರೂ ತಾನೇ ಹೇಳಬೇಕು, ಅದು ಆಟದ ನಿಯಮ. ಆ ದನಿಯಲ್ಲೇ ಹೇಳಿದಳು. “ನಾನೂ ಲ್ಯಾಕ್‌ಲನ್‌ಗೇ ಹಾಕಿದೆ.”

“ಏನು?”

“ಅಗ್ನೆಸ್ ಅಲ್ಲೇ ಕೂತಿದ್ಳು. ನನ್ನ ಹೆಸರಿಗೆ ನಾನೇ ಹಾಕ್ಕೊಳೋಕೆ ನಾಚಿಕೆ ಆಯ್ತು. ಹೇಗೂ ನಿನ್ನ ಓಟು ನಂಗೆ ಇದೆಯಲ್ಲ, ಸರಿಹೋಗುತ್ತೆ ಅಂದ್ಕೊಂಡೆ.”

ಓರೆಸ್ಟ್ ಬೆರಳು ಮಡಚಿ ಲೆಕ್ಕ ಹಾಕಿದ. “ಅಂದ್ರೆ ನಮ್ಮ ಮನೆಯಿಂದ ನಿಂಗೆ...”

“ಒಂದೂ ಇಲ್ಲ.”

“ನಿಂಗೆ ಹಾಕಿದ್ದು ಲ್ಯಾಕ್‌ಲನ್ ಕಣೆ, ಈಗ ಅವನೇ ಹೇಳಿದ,” ಅಂದ ಓರೆಸ್ಟ್.

ಸ್ಟೆಫಾಗೆ ನಗು ಬಂತು. ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ಬಂತು, ಆ ಚಳಿಗೆ ಅದು ಕೆನ್ನೆಯ ಮೇಲೇ ಕಚ್ಚಿಕೊಂಡಿತು. ಉಣ್ಣೆ ಕೈಗವಸಿನಿಂದ ಒರೆಸಿಕೊಂಡು, ಒಂದು ಮೊಣಕೈ ಮೇಲೆ ಎದ್ದು ಗಂಡನ ಕಡೆ ತಿರುಗಿದಳು. ಈಗ ನಗುತ್ತಿರಲಿಲ್ಲ.

“ಇನ್ನು ನಾಲ್ಕು ವರ್ಷಕ್ಕೆ ಮತ್ತೆ ನಿಲ್ತೀನಿ. ಗೆಲ್ಲಲಿ, ಸೋಲಲಿ, ಊರು ಮುಳುಗಲಿ. ಅವತ್ತು ನಂಗೇ ಹಾಕ್ತೀಯಾ?”

“ಹೂಂ,” ಅಂದ ಓರೆಸ್ಟ್.

ಸ್ಟೆಫಾ ಅವನ ಬಾಯನ್ನೇ ನೋಡುತ್ತಾ ಕಾದಳು. ಬೀದಿಯಲ್ಲಿ ಒಂದು ಕಾರು ನಿಧಾನವಾಗಿ, ಬೋರ್ಡು ನೋಡಿ, ಮುಂದೆ ಹೋಯಿತು. ಆ ಹೂಂ ಬೆನ್ನಿಗೆ ‘ಇಲ್ಲ’ ಬರಲೇ ಇಲ್ಲ.